ಹನ್ನೊಂದು ಹೊಲಿಗೆ

ಬೆಲ್ಟಿನ ಜೊತೆ ಬಂದಿದ್ದ ಕಾಗದದಲ್ಲಿನ ಮನುಷ್ಯನಿಗೆ ಮುಖವಿರಲಿಲ್ಲ. ತಲೆಯ ಜಾಗದಲ್ಲಿ ಒಂದು ಸೊನ್ನೆ, ಸೊಂಟದ ಸುತ್ತ ಒಂದು ಕಪ್ಪು ಪಟ್ಟಿ, ಪಟ್ಟಿಯಿಂದ ಹೊರಟ ಗೆರೆಯ ತುದಿಗೆ ನಾಯಿ. ಎರಡೂ ಕೈಗಳನ್ನು ಅಗಲಿಸಿ ನಿಂತಿದ್ದ, ನನ್ನ ಹತ್ತಿರ ಏನೂ ಇಲ್ಲ, ಬೇಕಾದರೆ ಜೇಬು ತಡಕಿ ನೋಡಿ ಎನ್ನುವವನ ಹಾಗೆ. ದರ್ಜಿ ಆ ಕಾಗದವನ್ನು ಹೊಲಿಗೆ ಯಂತ್ರದ ಮೇಲೆ ಹರವಿ, ಮಡಿಕೆ ಏಳದಂತೆ ಒಂದು ಕಡೆ ಕತ್ತರಿ, ಇನ್ನೊಂದು ಕಡೆ ಸೀಮೆಸುಣ್ಣದ ಡಬ್ಬಿ ಇಟ್ಟು, ಕನ್ನಡಕ ಏರಿಸಿಕೊಂಡು ಎರಡನೇ ಸಲ ನೋಡಿದ. ನಾಲ್ಕು ಚಿತ್ರಗಳಿದ್ದವು. ಬೆಲ್ಟನ್ನು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕಟ್ಟಬೇಕು. ಹಗ್ಗವನ್ನು ನಾಯಿ ಮೊಣಕಾಲಿನ ಪಕ್ಕದಲ್ಲೇ ಇರುವಷ್ಟಕ್ಕೆ ಗಿಡ್ಡ ಮಾಡಬೇಕು. ಮೂರನೆಯದರಲ್ಲಿ ಒಂದು ಕೈ ಕೆಂಪು ಬಕಲನ್ನು ಅದುಮುತ್ತಿತ್ತು, ಬೆಲ್ಟು ಬಿಚ್ಚಿಕೊಂಡು ನಾಯಿಯ ಹಿಂದೆ ಹೋಗುತ್ತಿತ್ತು. ಅಪಾಯವಾದರೆ ಹೀಗೆ ಬಿಚ್ಚಿ, ಹೊರಡುವ ಮುಂಚೆ ಒಂದು ಸಲ ಮಾಡಿ ನೋಡಿ ಎಂದು ಕೆಳಗೆ ಬರೆದಿತ್ತು. ಅದರ ಮೇಲೆ ಅವನ ಕಣ್ಣು ನಿಲ್ಲಲಿಲ್ಲ. ನಾಲ್ಕನೆಯದರಲ್ಲಿ ಮುಖವಿಲ್ಲದ ಮನುಷ್ಯ ನಡೆದು ಹೋಗುತ್ತಿದ್ದ.

“ಆಯ್ತೇನೋ?” ಮುಂದಿನ ಕೋಣೆಯಿಂದ ಅಕ್ಕ ಕೇಳಿದಳು.

“ಇನ್ನೊಂದೈದು ನಿಮಿಷ.”

“ಐದು ನಿಮಿಷ ಅಂತ ಹೇಳಿ ಅರ್ಧ ಗಂಟೆ ಆಯ್ತು. ಬೂಟು ಹಾಕ್ಕೊಂಡು ಕೂತಿದೀನಿ ನಾನು. ದೊರೆನೂ ಕಾದು ಕಾದು ಮಲಗ್ಬಿಟ್ಟ.”

ದೊರೆ ಎಂದರೆ ನಾಯಿ. ಕಂದು ಬಣ್ಣದ, ಅಗಲ ಎದೆಯ, ಐದು ವರ್ಷದ ಗಂಡು. ಮರಿಯಾಗಿದ್ದಾಗಿನಿಂದ ಅಕ್ಕ ಅದನ್ನು ಹಾಗೇ ಕರೆಯುತ್ತಿದ್ದಳು. ದೊರೆಯ ಊಟ ಆಯಿತೇ, ದೊರೆಗೆ ಸೆಕೆಯೇ. ಮೂರು ವರ್ಷದ ಹಿಂದೆ ಅಂಗಡಿ ಮುಚ್ಚಿ, ಈ ಯಂತ್ರವೊಂದನ್ನು ಕೈಗಾಡಿಗೆ ಹೇರಿಕೊಂಡು ದರ್ಜಿ ಅಕ್ಕನ ಮನೆಗೆ ಬಂದಾಗ ಈ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದದ್ದು ದೊರೆ. ಅಕ್ಕ ಅದರ ಹಾಸಿಗೆಯನ್ನು ತನ್ನ ಮಂಚದ ಪಕ್ಕಕ್ಕೆ ಎಳೆದುಕೊಂಡು ತಮ್ಮನಿಗೆ ಜಾಗ ಮಾಡಿಕೊಟ್ಟಳು. ದೊರೆ ಏನೂ ಅಂದುಕೊಳ್ಳುವುದಿಲ್ಲ ಬಿಡು ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೂ ಮೊದಲ ತಿಂಗಳೆಲ್ಲ ಕೋಣೆಯಲ್ಲಿ ನಾಯಿಯ ಮೈವಾಸನೆ ಉಳಿದಿತ್ತು, ಮತ್ತು ನಾಯಿ ದಿನಕ್ಕೆರಡು ಸಲ ಹೊಸ್ತಿಲವರೆಗೆ ಬಂದು, ಒಳಗೆ ಕಾಲಿಡದೆ, ಅವನನ್ನು ನೋಡಿ ಹೋಗುತ್ತಿತ್ತು. ಐವತ್ತೆರಡು ವರ್ಷದ ಗಂಡಸಿಗೆ ನಾಯಿಯೊಂದು ಜಾಗ ಬಿಟ್ಟುಕೊಟ್ಟಿದೆ ಎಂಬುದು ಅವನ ಮನಸ್ಸಿನಿಂದ ಹೋಗಲಿಲ್ಲ. ಬೆಳಿಗ್ಗೆ ಸಂಜೆ ಅದನ್ನು ತಿರುಗಾಡಿಸಿಕೊಂಡು ಬರುವ ಕೆಲಸ ಯಾರೂ ಹೇಳದೆ ಅವನ ಪಾಲಿಗೆ ಬಂತು, ಅವನೂ ಯಾರನ್ನೂ ಕೇಳದೆ ಮಾಡಿದ.

ಟೇಪನ್ನು ಕೊರಳಿನಿಂದ ತೆಗೆದು ಸೊಂಟಕ್ಕೆ ಸುತ್ತಿಕೊಂಡ. ಇಪ್ಪತ್ತಾರು ವರ್ಷ ಊರವರ ಸೊಂಟ ಅಳೆದವನು ತನ್ನದನ್ನು ಅಳೆದುಕೊಂಡವನಲ್ಲ. ಮೂವತ್ತೆರಡು ಇರಬಹುದು ಎಂದುಕೊಂಡಿದ್ದ, ಮೂವತ್ತಾರು ಇತ್ತು. ಅಂಗಡಿಗೆ ಬರುತ್ತಿದ್ದವರ ನೆನಪಾಯಿತು. ಅವನದು ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ, ಹಳೆಯದನ್ನು ಸಡಿಲಿಸುವುದು, ಹಿಡಿಯುವುದು, ಉದ್ದ ಬಿಡುವುದು, ಅಷ್ಟೇ. ಹೊಟ್ಟೆ ಬಂದವರೆಲ್ಲ ಪ್ಯಾಂಟು ಮೇಜಿನ ಮೇಲಿಟ್ಟು, ಏನೋ ಬಟ್ಟೆ ಕುಗ್ಗಿಬಿಟ್ಟಿದೆ ಎನ್ನುತ್ತಿದ್ದರು. ಹೌದು ಸಾರ್, ನೀರಿಗೆ ಬಿದ್ದರೆ ಕುಗ್ಗುತ್ತೆ ಎನ್ನುತ್ತಿದ್ದ ಅವನು. ಯಾರ ಮುಖವನ್ನೂ ಕೆಡಿಸದೆ ಎರಡಿಂಚು ಬಿಟ್ಟುಕೊಡುವುದು ಆ ಕೆಲಸದ ಅರ್ಧ ಭಾಗ. ಬಿಟ್ಟುಕೊಡಲು ಒಳಗೆ ಬಟ್ಟೆ ಇರಬೇಕಲ್ಲ. ಕೆಲಸ ಕಲಿಸಿದ ಮುದಿ ಮೇಸ್ತ್ರಿ ಪ್ರತಿ ಹೊಲಿಗೆಯ ಒಳಗೂ ಒಂದೂವರೆ ಇಂಚು ಬಟ್ಟೆ ಉಳಿಸಿ ಹೊಲಿಸುತ್ತಿದ್ದ. “ಬಿಚ್ಚಕ್ಕೆ ಬಾರದ ಹೊಲಿಗೆ ಹಾಕ್ಬೇಡ ಕಣೋ. ಮನುಷ್ಯ ಇವತ್ತಿದ್ದ ಹಾಗೆ ನಾಳೆ ಇರಲ್ಲ,” ಎಂದು ಗದರಿಸಿ, ಬಿಗಿಯಾಗಿ ಹಾಕಿದ್ದನ್ನು ಅವನ ಕೈಯಲ್ಲೇ ಬಿಚ್ಚಿಸುತ್ತಿದ್ದ. ಬೆಲ್ಟಿನ ಪಟ್ಟಿಯನ್ನು ಮೂವತ್ತಾರಕ್ಕೆ ಎಳೆದು, ಕೆಂಪು ಬಕಲು ಹೊಕ್ಕುಳಿನ ಕೆಳಗೆ ಬರುವಂತೆ ಸರಿಸಿ, ಹಾಕಿಕೊಂಡ. ಚಿತ್ರದಲ್ಲಿ ನಾಯಿ ಎಡಕ್ಕಿತ್ತು. ಅವನಿಗೆ ಅದು ಬಲಕ್ಕೆ ಬೇಕು, ಎಡಕ್ಕೆ ಅಕ್ಕ ಇರುತ್ತಾಳೆ. ಉಂಗುರವನ್ನು ಪಟ್ಟಿಯ ಮೇಲೆ ಜಾರಿಸಿ ಬಲಗಡೆಗೆ ತಂದ.

ವ್ಯಾಯಾಮ ಮಾಡಿಸಲು ವಾರಕ್ಕೆರಡು ಸಲ ಬರುವ ನರ್ಸಮ್ಮ ಎಲ್ಲವನ್ನೂ ತೋರಿಸಿಕೊಟ್ಟಿದ್ದಳು. ಅಕ್ಕನ ಮುರಿದ ಸೊಂಟ ಬಲಗಡೆಯದು, ಆದ್ದರಿಂದ ಕೋಲು ಎಡಗೈಯಲ್ಲಿ. ಅವನು ಅವಳ ಬಲಕ್ಕೆ ನಿಂತು, ಒಂದು ತೋಳು ಅವಳ ಬೆನ್ನ ಹಿಂದೆ ಹಾಕಿ, ಇನ್ನೊಂದು ಕೈಯಲ್ಲಿ ಅವಳ ಬಲಗೈ ಹಿಡಿಯಬೇಕು. ಎರಡೂ ಕೈ ಬೇಕು, ಒಂದರಲ್ಲಿ ಆಗುವ ಕೆಲಸವಲ್ಲ. “ಈ ತಿಂಗಳು ಹೊರಗೆ ನಡೀಲಿಲ್ಲ ಅಂದ್ರೆ ಆ ಕಾಲು ಹಾಗೇ ಸೆಟೆದು ಹೋಗುತ್ತೆ. ಆಮೇಲೆ ನಾನು ಬಂದ್ರೂ ಅಷ್ಟೇ, ಬಿಟ್ರೂ ಅಷ್ಟೇ,” ಎಂದು ಹೇಳಿ ಹೋಗಿದ್ದಳು. ಎರಡು ಸಲ ಹೊರಟಿದ್ದರು. ಎರಡು ಸಲವೂ ಬಾಗಿಲ ಹಿಂದೆ ದೊರೆ ಊಳಿಟ್ಟಿತು, ಗೇಟಿನವರೆಗೆ ಹೋದ ಅಕ್ಕ ಬಿಳಿಚಿಕೊಂಡು ತಿರುಗಿ ಬಂದಳು. ದೊರೆ ಬಂದರೆ ಬರುತ್ತೇನೆ, ಇಲ್ಲದಿದ್ದರೆ ಕಾಲು ಸೆಟೆದರೆ ಸೆಟೆಯಲಿ ಎಂದಳು. ಭಯಕ್ಕೆ ನಾಯಿಯ ನೆಪ ಎಂದು ಅವನಿಗೆ ಗೊತ್ತಿತ್ತು. ಯಾರ ಬಗೆಗಿನ ಭಯ ಎಂಬುದನ್ನು ಯೋಚಿಸಲು ಹೋಗಲಿಲ್ಲ. ಮಾರನೆಯ ದಿನವೇ, ಎರಡೂ ಕೈ ಖಾಲಿ ಇಟ್ಟುಕೊಂಡು ನಾಯಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುವ ಈ ಬೆಲ್ಟಿಗೆ ಹೇಳಿ ಕಳಿಸಿದ.

ಹೆಬ್ಬೆರಳು ತೋರುಬೆರಳಿನಿಂದ ಬಕಲಿನ ಎರಡು ಕಿವಿಗಳನ್ನು ಒತ್ತಿದ. ಚಟ್. ಬೆಲ್ಟು ಬಿಚ್ಚಿಕೊಂಡು ತೊಡೆಯ ಮೇಲೆ ಬಿತ್ತು. ಮತ್ತೆ ಸಿಕ್ಕಿಸಿ ಮತ್ತೆ ಒತ್ತಿದ. ಎಷ್ಟು ಸುಲಭ. ಮಗು ಕೂಡ ಮಾಡಬಹುದು. ಕೈಗೆ ಯೋಚಿಸಲು ಸಮಯವನ್ನೇ ಕೊಡದ ಸುಲಭ. ನಾಲ್ಕು ತಿಂಗಳ ಹಿಂದೆ, ಅಕ್ಕನ ಸೊಂಟ ಮುರಿದ ಆ ಸಂಜೆ, ಬಿಡುವುದು ಅಷ್ಟು ಸುಲಭವಿರಲಿಲ್ಲ. ಹಗ್ಗ ಅವನ ಬಲಗೈಗೆ ಎರಡು ಸುತ್ತು ಸುತ್ತಿಕೊಂಡಿತ್ತು. ದೊರೆ ಮುಂದೆ ಎಳೆಯುತ್ತಿತ್ತು, ಅಕ್ಕ ಬ್ರೆಡ್ಡಿನ ಚೀಲ ಹಿಡಿದು ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದಳು. ತಿರುವಿಗೆ ಮುಂಚಿನ ಮನೆಯ ಗೇಟಿನಲ್ಲಿ ನಿವೃತ್ತ ಹೆಡ್‌ಮಾಸ್ತರು ನಿಂತಿದ್ದರು. “ಏನ್ರೀ ಟೈಲರ್, ನೀವು ನಾಯಿನ ವಾಕಿಂಗ್ ಕರ್ಕೊಂಡು ಹೋಗ್ತಿದೀರೋ, ಅದು ನಿಮ್ಮನ್ನೋ?” ಎಂದರು. ವಾರಕ್ಕೆ ಎರಡು ಸಲ ಅನ್ನುವ ಮಾತು, ಹಳಸಲು. ಅವನು ಎಂದಿನಂತೆ ನಕ್ಕು ಮುಂದೆ ಹೋಗುತ್ತಿದ್ದ. ಆದರೆ ಅವತ್ತು ಹಿಂದಿನಿಂದ ಅಕ್ಕ, “ಇಬ್ಬರನ್ನೂ ಸಾಕ್ತಿರೋಳು ನಾನು ಮಾಸ್ತರೇ, ನನ್ನ ಕೇಳಿ,” ಎಂದಳು. ಇಬ್ಬರೂ ನಕ್ಕರು. ನಗು ದೊಡ್ಡದೇನಲ್ಲ. ಅವನ ಕಿವಿಯ ಹಿಂದೆ ಬಿಸಿಯೇರಿತು. ಸುತ್ತಿಕೊಂಡಿದ್ದ ಹಗ್ಗವನ್ನು ಮಣಿಕಟ್ಟು ತಿರುಗಿಸಿ ಬಿಡಿಸಿದ, ಒಂದು ಸುತ್ತು, ಎರಡು ಸುತ್ತು. ಆಮೇಲೆ ಬೆರಳುಗಳು. ಮೊದಲು ಕಿರುಬೆರಳು, ಆಮೇಲೆ ಉಂಗುರದ ಬೆರಳು, ಆಮೇಲೆ ನಡುಬೆರಳು. ಅಷ್ಟರಲ್ಲಿ ನಿಲ್ಲಿಸಬಹುದಾಗಿತ್ತು. ಏನು ಬೇಕಾಗಿತ್ತು ಅವನಿಗೆ? ಅವಳು ಓಡಬೇಕಾಗಿತ್ತು, ಅಷ್ಟೇ. ಏದುಸಿರು ಬಿಡುತ್ತಾ ನಾಯಿಯ ಹಿಂದೆ ಓಡಿ, ಇಷ್ಟು ದಿನ ಇವನು ಹಿಡಿದುಕೊಂಡಿದ್ದದ್ದು ಎಂಥದು ಎಂದು ಅವಳಿಗೆ ತಿಳಿಯಬೇಕಾಗಿತ್ತು. ನಾಯಿ ತಕ್ಷಣ ಓಡಲೂ ಇಲ್ಲ. ಹಗ್ಗ ಸಡಿಲವಾದದ್ದು ಗೊತ್ತಾಗಿ, ನಿಂತು, ತಿರುಗಿ ಅವನ ಮುಖ ನೋಡಿತು. ಆಗ ಎದುರುಗಡೆ ಗೋಡೆಯಿಂದ ಬೆಕ್ಕೊಂದು ಇಳಿಯಿತು. ಅಕ್ಕ ಚೀಲ ಎಸೆದು ಓಡಿದಳು, ತಿರುವಿನಿಂದ ಸ್ಕೂಟರ್ ಬಂತು. ನಾಯಿಗೆ ಏನೂ ಆಗಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವನು ಒಬ್ಬ, ಉಂಡವಳು ಇನ್ನೊಬ್ಬಳು.

ಯಂತ್ರದ ಡ್ರಾಯರಿನಿಂದ ಚರ್ಮ ಹೊಲಿಯುವ ದಪ್ಪ ಸೂಜಿ ತೆಗೆದ. ಮೇಣ ಸವರಿದ ಕಪ್ಪು ದಾರ ಪೋಣಿಸಿದ. ಬಕಲಿನ ಎರಡು ಬದಿಯ ಪಟ್ಟಿಯನ್ನು ಸೇರಿಸಿ, ಕೆಂಪು ಕಿವಿಗಳು ಅಲುಗದಂತೆ ಅವುಗಳ ಮೇಲಿನಿಂದಲೇ ದಾರ ಹಾಯಿಸಿ ಹೊಲಿಯತೊಡಗಿದ. ಪಟ್ಟಿ ಗಟ್ಟಿ ಇತ್ತು, ಸೂಜಿ ಚುಚ್ಚದಂತೆ ಅಂಗುಸ್ತಾನ ಹಾಕಿದ ಬೆರಳೂ ನೋಯಿತು. ಆಸ್ಪತ್ರೆಯ ಬಿಳಿ ಹೊದಿಕೆಯ ಕೆಳಗಿನಿಂದ ಅಕ್ಕ ಮೊದಲ ಬಾರಿ ಕಣ್ಣು ಬಿಟ್ಟು, “ಕೈ ಜಾರ್ತಾ?” ಎಂದು ಕೇಳಿದ್ದಳು. ಅವನು ಹೂಂ ಎಂದಿದ್ದ. ಅಲ್ಲಿಂದ ಮುಂದೆ ಬಂದವರಿಗೆಲ್ಲ ಅವಳೇ ಹೇಳಿದಳು, ಪಾಪ, ಅವನ ಕೈ ಜಾರಿತು. ನಾಲ್ಕು ತಿಂಗಳು ಅವನು ಅಡುಗೆ ಮಾಡಿದ, ಬಟ್ಟೆ ಒಗೆದ, ಮಣಿಕಟ್ಟು ಮುರಿದು ಬಲಗೈ ಎತ್ತಲಾರದವಳ ತಲೆ ಬಾಚಿದ, ಜಡೆ ಹಾಕಲು ಕಲಿತ. ಇಂಥ ತಮ್ಮ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ನೆರೆಯವರು ಅಂದಾಗಲೆಲ್ಲ ಅವನು ಒಲೆಯ ಕಡೆ ತಿರುಗಿ ನಿಲ್ಲುತ್ತಿದ್ದ. ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದರೆ ಕುಂಬಳಕಾಯಿ ಕಳ್ಳ ಎಂದು ಯಾರಾದರೂ ಅನ್ನಬೇಕು. ಇವನನ್ನು ಯಾರೂ ಕಳ್ಳ ಎನ್ನುತ್ತಲೇ ಇರಲಿಲ್ಲ, ಹೆಗಲು ಮಾತ್ರ ದಿನವಿಡೀ ತುರಿಸುತ್ತಿತ್ತು. ಹತ್ತು, ಹನ್ನೊಂದು. ಗಂಟು ಹಾಕಿ, ದಾರದ ತುದಿಗೆ ಬೆಂಕಿಕಡ್ಡಿ ತಾಗಿಸಿ ಕರಗಿಸಿದ. ಬಕಲನ್ನು ಒತ್ತಿದ. ಅದು ಕಲ್ಲಿನಂತೆ ಕೂತಿತ್ತು. ಪಟ್ಟಿಯನ್ನು ಸಡಿಲ ಮಾಡಿ ಕಾಲಿನಿಂದ ಮೇಲಕ್ಕೆ ಏರಿಸಿಕೊಂಡು ಮತ್ತೆ ಬಿಗಿದ. ಮೇಸ್ತ್ರಿ ನೋಡಿದ್ದರೆ ಕೈಗೆ ಸ್ಕೇಲಿನಿಂದ ಬಾರಿಸುತ್ತಿದ್ದ. ಆದರೆ ಅವನಿಗೆ ನಾಲ್ಕು ತಿಂಗಳಲ್ಲಿ ಮೊದಲ ಬಾರಿ ಉಸಿರು ಹಗುರಾಗಿತ್ತು, ಈ ಕೈಗಳನ್ನು ಇನ್ನು ನಂಬಬೇಕಾಗಿಲ್ಲ ಎಂಬ ಸಮಾಧಾನಕ್ಕೆ.

ದೊರೆಯ ಕೊರಳಪಟ್ಟಿಗೆ ಕೊಕ್ಕೆ ಹಾಕಿದಾಗ ಅದು ಅವನ ಸೊಂಟವನ್ನು ಮೂಸಿ ನೋಡಿ ಅನುಮಾನದಿಂದ ಬಾಲ ಆಡಿಸಿತು.

“ಕೋಲು ಮೊದಲು, ಆಮೇಲೆ ಬಲಗಾಲು, ಆಮೇಲೆ ಎಡಗಾಲು,” ಅಕ್ಕ ಮೆಟ್ಟಿಲ ಮೇಲೆ ತನಗೆ ತಾನೇ ಹೇಳಿಕೊಂಡಳು. “ಏನೋ, ಆ ಕಾಗದ ಪೂರ್ತಿ ಓದಿದೀಯಾ? ನಿನ್ನೆ ನಾನೂ ನೋಡ್ದೆ. ಅಪಾಯ ಅಂದ್ರೆ ಕೆಂಪು ಬಕಲು ಒತ್ಬೇಕಂತೆ.”

“ಓದಿದೀನಿ.”

ಗೇಟು ದಾಟಿದರು. ಅವನ ಎಡತೋಳು ಅವಳ ಬೆನ್ನ ಹಿಂದೆ, ಬಲಗೈಯಲ್ಲಿ ಅವಳ ಬಲಗೈ. ಎಷ್ಟು ತೆಳ್ಳಗಾಗಿದೆ ಈ ಕೈ ಎಂದುಕೊಂಡ. ಚಿಕ್ಕವನಿದ್ದಾಗ ಶಾಲೆಗೆ ಎಳೆದುಕೊಂಡು ಹೋಗುತ್ತಿದ್ದ ಕೈ, ದಾರಿಯಲ್ಲಿ ಕೂತುಬಿಟ್ಟರೆ ಕಿವಿ ಹಿಂಡುತ್ತಿದ್ದ ಕೈ. ಬಿಸಿಲು ಇನ್ನೂ ಎಳೆಯದಾಗಿತ್ತು. ಗೋಡೆಯ ಬುಡದಲ್ಲಿ ನೀರು ಹರಿದ ಕಲೆ, ಯಾರದೋ ಮನೆಯ ಕಿಟಕಿಯಲ್ಲಿ ರೇಡಿಯೋ, ಹೊಸದಾಗಿ ಬಣ್ಣ ಬಳಿದ ವಿದ್ಯುತ್ ಕಂಬ. ನಾಲ್ಕು ತಿಂಗಳಿಂದ ಈ ಬೀದಿಯನ್ನು ನೋಡದ ಅಕ್ಕ ಒಂದೊಂದನ್ನೂ ನಿಂತು ನೋಡಿದಳು. ಸೊಂಟದ ಬಲಕ್ಕೆ ನಾಯಿಯ ಭಾರ ಆಗಾಗ ಜಗ್ಗಿ, ಹಗ್ಗದೊಳಗಿನ ಎಲಾಸ್ಟಿಕ್ ಹಿಗ್ಗಿ, ಮತ್ತೆ ಸುಮ್ಮನಾಗುತ್ತಿತ್ತು. ಐವತ್ತು ಹೆಜ್ಜೆ ಆಯಿತು ಎಂದಳು ಅಕ್ಕ. ಅವಳ ಹಣೆಯ ಮೇಲೆ ಬೆವರಿತ್ತು, ಮುಖದಲ್ಲಿ ಮಾತ್ರ ಹುಡುಗಿಯ ಹಠ ಕಾಣುತ್ತಿತ್ತು. ಹೆಡ್‌ಮಾಸ್ತರ ಮನೆ ಹತ್ತಿರ ಬಂತು. ಮಾಸ್ತರು ಜಗುಲಿಯಲ್ಲಿ ಪೇಪರು ಓದುತ್ತಿದ್ದವರು ಎದ್ದು ನಿಂತರು. ಆ ಸಂಜೆಯಿಂದ ಅವರು ಇವನಿಗೆ ಆ ಹಳೆಯ ಮಾತು ಅಂದೇ ಇರಲಿಲ್ಲ.

ಅದೇ ಬೆಕ್ಕೋ ಬೇರೆಯದೋ. ಬಲಗಡೆಯ ಗೋಡೆಯಿಂದ ಇಳಿದು ರಸ್ತೆಗೆ ಅಡ್ಡ ಓಡಿತು. ದೊರೆ ಒಂದೇ ನೆಗೆತಕ್ಕೆ ಹಗ್ಗದ ಕೊನೆಯವರೆಗೆ ಹೋಯಿತು, ಅವನ ಸೊಂಟವನ್ನು ಯಾರೋ ಹಿಡಿದು ತಿರುವಿದಂತಾಯಿತು. ಮೈ ಒಂದು ಕಡೆ, ಕೈಗಳು ಇನ್ನೊಂದು ಕಡೆ. ಅಕ್ಕನ ಕೋಲು ಜಾರಿ ಬಿತ್ತು. “ಬಿಚ್ಚೋ, ಬಕಲು ಬಿಚ್ಚು,” ಎಂದಳು ಅವಳು, ಕೂಗಲಿಲ್ಲ, ಕೂಗಲು ಉಸಿರಿರಲಿಲ್ಲ. ಅವನು ಬಿಚ್ಚಲಿಲ್ಲ. ಅವಳೇ ಬಲಗೈ ಬಿಡಿಸಿಕೊಂಡು ಅವನ ಹೊಟ್ಟೆಯ ಕೆಳಗೆ ತಡಕಿ, ಕೆಂಪು ಬಕಲು ಹುಡುಕಿ, ಹೆಬ್ಬೆರಳು ತೋರುಬೆರಳಿನಿಂದ ಒತ್ತಿದಳು. ಮತ್ತೆ ಒತ್ತಿದಳು. ನಾಯಿ ಇನ್ನೊಮ್ಮೆ ಜಗ್ಗಿತು. ಅವನು ಅಕ್ಕನನ್ನು ಎರಡು ತೋಳಲ್ಲೂ ಬಾಚಿ ಎದೆಗೆ ಅವಚಿಕೊಂಡು, ಕಾಲು ಎಳೆಯುತ್ತ ಹೋಗಿ ಗೇಟಿನ ಕಂಬಕ್ಕೆ ಬೆನ್ನು ಬಡಿದು ನಿಂತ. ಬೆನ್ನುಮೂಳೆಯಲ್ಲಿ ನೋವು ಝಲ್ಲೆಂದಿತು. ಬೆಕ್ಕು ಎದುರು ಮನೆಯ ಗೋಡೆ ಹತ್ತಿ ಮರೆಯಾಯಿತು. ದೊರೆ ಸ್ವಲ್ಪ ಹೊತ್ತು ಆ ಕಡೆ ನೋಡಿ, ತಿರುಗಿ ಬಂದು, ಏನೂ ಆಗಿಲ್ಲವೆಂಬಂತೆ ಅಕ್ಕನ ಬೂಟನ್ನು ನೆಕ್ಕಿತು.

ಮಾಸ್ತರು ಬೆತ್ತದ ಕುರ್ಚಿಯೊಂದನ್ನು ಎತ್ತಿಕೊಂಡು ಬಂದು ಗೇಟಿನ ಹತ್ತಿರ ಇಟ್ಟರು. ಅಕ್ಕನನ್ನು ಕೂರಿಸಲು ಕೈಕೊಟ್ಟರು, ಬಿದ್ದ ಕೋಲನ್ನು ತಂದುಕೊಟ್ಟರು, ನೀರು ಬೇಕೇ ಎಂದು ಕೇಳಿದರು. ಬೇಡ ಎಂದಾಗ ಅಕ್ಕ ತಮ್ಮನ ನಡುವೆ ನಿಲ್ಲಬಾರದ ಹೊತ್ತು ಎಂದು ತಿಳಿದವರಂತೆ ಒಳಗೆ ಹೋದರು.

ಅಕ್ಕ ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು. “ಬೆರಳಲ್ಲಿ ಶಕ್ತಿನೇ ಇಲ್ಲ. ಇಷ್ಟು ದಿನ ಆ ರಬ್ಬರ್ ಚೆಂಡು ಹಿಸುಕಿದ್ದೆಲ್ಲ ದಂಡ,” ಎಂದಳು. ಅವಳ ದನಿ ಒಡೆಯಿತು. ನಾಲ್ಕು ತಿಂಗಳಲ್ಲಿ ಒಮ್ಮೆಯೂ ಅಳದವಳು ಈಗ ಅಳುವುದರಲ್ಲಿದ್ದಳು, ಅದೂ ತನ್ನ ಕೈಯ ಮೇಲೆ ತಪ್ಪು ಹೊರಿಸಿಕೊಂಡು. ಅದನ್ನು ಅವನು ತಡೆಯಲಾರದೆ ಹೋದ.

“ನಿನ್ನ ಬೆರಳಲ್ಲ ಅಕ್ಕಾ. ನಾನು ಅದನ್ನ ಹೊಲಿದುಬಿಟ್ಟಿದೀನಿ.”

ಅವಳು ಬಗ್ಗಿ ಬಕಲನ್ನು ನೋಡಿದಳು. ಕೆಂಪಿನ ಮೇಲೆ ಕಪ್ಪು ದಾರ, ಒಂದರ ಪಕ್ಕ ಒಂದು, ಸಮನಾಗಿ.

“ಯಾಕೆ?”

“ಕೈ ಬಿಡಬಾರ್ದು ಅಂತ.” ಬೀದಿಯಲ್ಲಿ ಯಾರೋ ಸೈಕಲ್ಲಿನಲ್ಲಿ ಹಾದು ಹೋದರು. ಅವರು ಹೋಗುವವರೆಗೆ ಕಾದು ಅವನು ಹೇಳಿದ: “ಆವತ್ತು ಕೈ ಜಾರಲಿಲ್ಲ.”

“ಗೊತ್ತು.”

ಅವನು ತಲೆಯೆತ್ತಿದ.

“ನಿನ್ನ ಹಿಂದೇನೇ ಬರ್ತಿದ್ನಲ್ಲ,” ಎಂದಳು ಅಕ್ಕ. “ಕಿರುಬೆರಳು ಮೊದಲು ಬಿಟ್ಟೆ.”

ಕಂಬದ ತಣ್ಣನೆಯ ಕಲ್ಲು ಅಂಗಿಯ ಮೂಲಕ ಬೆನ್ನಿಗೆ ತಾಗುತ್ತಿತ್ತು. ನಾಲ್ಕು ತಿಂಗಳು ತನ್ನೊಬ್ಬನದೇ ಎಂದು ಬಚ್ಚಿಟ್ಟುಕೊಂಡಿದ್ದದ್ದು ಅವಳ ಹತ್ತಿರವೂ ಇತ್ತು, ಮಂಚದ ಮೇಲೆ, ದಿಂಬಿನ ಪಕ್ಕದಲ್ಲೇ. ಅವನಿಗೆ ನಾಚಿಕೆಯಾಯಿತು, ಹೇಳಲಾರದಷ್ಟು ನಾಚಿಕೆ.

“ಮತ್ತೆ ಆಸ್ಪತ್ರೆಲಿ ಕೈ ಜಾರ್ತಾ ಅಂತ ಯಾಕೆ ಕೇಳ್ದೆ?”

“ಇಲ್ಲ ಅಂತೀಯೇನೋ ಅಂತ ಕೇಳ್ದೆ.” ಅವಳು ಮೂಗು ಒರೆಸಿಕೊಂಡಳು. “ನಾನೂ ಆವತ್ತು ಆಡಬಾರದ ಮಾತಾಡ್ದೆ. ಬಾಯಿಗೆ ಬಂತು, ಅಂದೆ. ಹಾಗಂತ ಅದಕ್ಕೂ ಇದಕ್ಕೂ ಸರಿಹೋಯ್ತು ಅಂತ ತಿಳ್ಕೋಬೇಡ. ಕೋಪ ಇದೆ ನನಗೆ. ನೀನು ತಲೆ ಬಾಚ್ತಿದ್ದಾಗೆಲ್ಲ ಇತ್ತು. ಈಗ್ಲೂ ಇದೆ.”

“ಹೂಂ.”

“ಆ ಚಿಕ್ಕ ಕತ್ತರಿ ಕೊಡು.”

ಅಂಗಿಯ ಜೇಬಿನಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ ಸದಾ ಇರುತ್ತಿತ್ತು, ಅಂಗಡಿ ಮುಚ್ಚಿದ ಮೇಲೂ. ನಾನೇ ಬಿಚ್ಚುತ್ತೇನೆ ಎಂದ. ಬೇಡ ಎಂದು ಅವಳು ಕೈ ಚಾಚಿದಳು, ಚಮಚ ಹಿಡಿಯಲೂ ನಡುಗುವ ಬಲಗೈಯನ್ನೇ. ಅವನು ಕುರ್ಚಿಯ ಮುಂದೆ ನಿಂತ. ಬೆಲ್ಟು ಅವನ ಮೈಮೇಲೇ ಇದ್ದದ್ದರಿಂದ ಅಳತೆ ಕೊಡಲು ಬಂದ ಗಿರಾಕಿಯಂತೆ ತೋಳು ಎತ್ತಿ ನಿಲ್ಲಬೇಕಾಯಿತು. ಇಪ್ಪತ್ತಾರು ವರ್ಷದಲ್ಲಿ ಅವನ ಎದುರು ಹಾಗೆ ನಿಂತವರೆಲ್ಲ ಗೋಡೆ ನೋಡುತ್ತಿದ್ದರು, ಯಾಕೆಂದು ಈಗ ಗೊತ್ತಾಯಿತು. ಅವನೂ ಮಾಸ್ತರ ಗೋಡೆ ನೋಡಿದ. ಕತ್ತರಿಯ ತುದಿ ದಾರದ ಕೆಳಗೆ ಹೋಗದೆ ಎರಡು ಸಲ ಜಾರಿ ಬಟ್ಟೆಗೆ ಚುಚ್ಚಿತು. ಮೂರನೇ ಸಲ ಸಿಕ್ಕಿತು. ಅವಳು ಹಲ್ಲು ಕಚ್ಚಿ ಒತ್ತಿದಳು, ಕಟ್ ಎಂದಿತು. ಒಂದು ಎಂದಳು. ನಡುವೆ ಕೈ ಸೋತು ಮಡಿಲಲ್ಲಿಟ್ಟು ಸುಧಾರಿಸಿಕೊಂಡಳು. ಎಷ್ಟು ಬಿಗಿಯಾಗಿ ಹಾಕಿದ್ದೀಯೋ ಎಂದು ಬೈದಳು. ದೊರೆ ಬಿಸಿಲಲ್ಲಿ ಅಡ್ಡ ಮಲಗಿತು. ಬಿಸಿಲು ಗೇಟಿನಿಂದ ಕುರ್ಚಿಯ ಕಾಲಿಗೆ ಬರುವಷ್ಟು ಹೊತ್ತು ಹಿಡಿಯಿತು ಹನ್ನೊಂದು ಹೊಲಿಗೆಗೆ.

ಕೊನೆಯ ದಾರ ಎಳೆದು ಬಿಸಾಡಿ, ಅವಳು ಹೆಬ್ಬೆರಳು ತೋರುಬೆರಳು ಇಟ್ಟು ಒತ್ತಿದಳು. ಚಟ್. ಬೆಲ್ಟು ಅವನ ಸೊಂಟದಿಂದ ಜಾರಿ ಕಾಲ ಹತ್ತಿರ ಬಿತ್ತು. ನಾಯಿಯನ್ನು ಈಗ ಯಾರೂ ಹಿಡಿದಿರಲಿಲ್ಲ. ಅದು ಒಂದು ಕಣ್ಣು ತೆರೆದು ಇಬ್ಬರನ್ನೂ ನೋಡಿ ಮತ್ತೆ ಮುಚ್ಚಿಕೊಂಡಿತು. ಅಕ್ಕ ತನ್ನ ಹೆಬ್ಬೆರಳನ್ನು ನೋಡಿಕೊಂಡಳು, ಅದು ಬೇರೆ ಯಾರದೋ ಎಂಬಂತೆ.

“ಹಾಕ್ಕೋ,” ಎಂದಳು.

ಅವನು ಬಗ್ಗಿ ಎತ್ತಿಕೊಂಡು, ಸೊಂಟಕ್ಕೆ ಸುತ್ತಿ, ಬಕಲು ಸಿಕ್ಕಿಸಿದ. ಮೂರನೇ ಚಿತ್ರದಲ್ಲಿದ್ದಂತೆ ಒಂದು ಸಲ ಒತ್ತಿ ಬಿಚ್ಚಿ, ಮತ್ತೆ ಸಿಕ್ಕಿಸಿದ. “ಮನೆಗಾ?” ಎಂದು ಕೇಳಿದ.

“ತಿರುವಿನ ತನಕ ಹೋಗಿ ಬರೋಣ. ಬಿದ್ದ ಜಾಗ ನೋಡಬೇಕು ನಾನು.”

ಅವನು ಬೆನ್ನ ಹಿಂದೆ ತೋಳು ಹಾಕಿ ಅವಳನ್ನು ಎಬ್ಬಿಸಿದ. ಕೋಲು ಎಡಗೈಗೆ ಕೊಟ್ಟ. ಬಲಗೈ ತೆಗೆದುಕೊಂಡ, ಅದರ ಬೆರಳ ಸಂದಿಯಲ್ಲಿ ಕಪ್ಪು ದಾರದ ಚೂರುಗಳು ಅಂಟಿಕೊಂಡಿದ್ದವು. ಕೋಲು, ಬಲಗಾಲು, ಎಡಗಾಲು. ದೊರೆ ಎದ್ದು ಮೈ ಕೊಡವಿ ಬಲಕ್ಕೆ ಬಂತು. ನಾಲ್ಕೈದು ಹೆಜ್ಜೆ ಹೋದ ಮೇಲೆ ಅಕ್ಕ ನಿಂತಳು.

“ಅಷ್ಟು ಬಿಗಿಯಾಗಿ ಹಿಡೀಬೇಡ ಕಣೋ, ನೋಯುತ್ತೆ.”

ಅವನು ಸ್ವಲ್ಪ ಸಡಿಲಿಸಿದ, ಮೊದಲು ಕಿರುಬೆರಳು.